ಕರಿಬಸವಯ್ಯನವರ ಕಾದಂಬರಿಯನ್ನು ಮಣ್ಣು ಮಾಡಿದ್ದು

ಕುಂಬಾರಕೊಪ್ಪಲಿನ ಮೂರನೇ ಅಡ್ಡರಸ್ತೆಯಲ್ಲಿ, ಕರಿಬಸವಯ್ಯನವರು ಕಾದಂಬರಿ ಬರೆಯುತ್ತಿದ್ದಾರೆ ಎಂಬ ಸಂಗತಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಹಾಲು ಹಾಕುವವನಿಗೆ ಗೊತ್ತಿತ್ತು. ಗ್ಯಾಸ್ ತರುವವನಿಗೆ ಗೊತ್ತಿತ್ತು. ಕರೆಂಟು ಮೀಟರ್ ಓದಲು ಬರುವವನಂತೂ ಮೀಟರಿಗಿಂತ ಮೊದಲು ಅದನ್ನೇ ವಿಚಾರಿಸುತ್ತಿದ್ದ, "ಎಲ್ಲಿಗೆ ಬಂತು ಸಾರ್?" ಎಂದು. ಕರಿಬಸವಯ್ಯನವರು ಕನ್ನಡಕ ಹಣೆಗೇರಿಸಿ, "ನಡೀತಾ ಇದೆ" ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅದೇ ಪ್ರಶ್ನೆ, ಅದೇ ಉತ್ತರ. ಅಷ್ಟರಲ್ಲಿ ಮೀಟರಾದರೂ ಎಷ್ಟೋ ಸಾವಿರ ಓಡಿತ್ತು.

ಕಥೆಯಾದರೂ ಏನು ಅಂತೀರಿ? ನೀಲಾ ಎಂಬ ಹೆಣ್ಣುಮಗಳು ಗಂಡನ ಮನೆಯಲ್ಲಿ ಮಾತಿಗೆ ಮಾತು ಬೆಳೆದು, ಒಂದು ಟ್ರಂಕು ಹಿಡಿದುಕೊಂಡು ಚಾಮರಾಜಪುರಂ ರೈಲ್ವೆ ಸ್ಟೇಷನ್ನಿಗೆ ಬಂದು ನಿಲ್ಲುತ್ತಾಳೆ. ಮೊದಲನೇ ಅಧ್ಯಾಯದಲ್ಲಿ ನಿಂತಿದ್ದಾಳೆ. ಎರಡನೆಯದರಲ್ಲಿ ನಿಂತುಕೊಂಡೇ ಹಳೆಯದನ್ನೆಲ್ಲ ನೆನೆಯುತ್ತಾಳೆ. ಮೂರನೆಯದರ ಕೊನೆಯಲ್ಲಿ ದೂರದಿಂದ ರೈಲು ಕೂಗುತ್ತದೆ. ಅಲ್ಲಿಗೆ ನಿಂತಿತು. ಆ ರೈಲು ಕೂಗಿದ್ದು ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಈಗ ತೊಂಬತ್ತೇಳು. ಇನ್ನೂ ಸ್ಟೇಷನ್ನಿಗೆ ಬಂದಿರಲಿಲ್ಲ.

ಇದರಲ್ಲಿ ಕರಿಬಸವಯ್ಯನವರ ತಪ್ಪು ಎಳ್ಳಷ್ಟೂ ಇಲ್ಲ. ಹಾಗೆಂದು ಅವರೇ ಹೇಳುತ್ತಿದ್ದರು. ಅವರು ಸರ್ಕಾರಿ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಗುಮಾಸ್ತರು. ಬೆಳಿಗ್ಗೆ ಆರಕ್ಕೆ ಎದ್ದು ಪೆನ್ನಿನ ಮುಚ್ಚಳ ತೆಗೆದರೋ, ನಲ್ಲಿಯಲ್ಲಿ ನೀರು ಬಂತು. ಡ್ರಮ್ಮು, ಕೊಳಗ, ಬಿಂದಿಗೆ ಎಲ್ಲ ತುಂಬಿಸಿ ಬಂದು ಕೂತರೋ, ಎದುರುಮನೆ ಭಾಗ್ಯಮ್ಮ ಬಂದರು. "ಸಾರ್, ನೀವು ಎಂಗೂ ಬರೀತಾನೇ ಕೂತಿದ್ದೀರಲ್ಲ, ನಮ್ಮುಡುಗಿ ಲಗ್ನಪತ್ರಿಕೆಗೂ ಅಂಗೇ ನಾಕ್ ಸಾಲು ಬರ್ದ್‌ಬುಡಿ." ಸಂಜೆ ಆಫೀಸಿನಿಂದ ಬಂದು ಕೂತರೆ ಮೂಲೆಯ ಎಸ್‌ಟಿಡಿ ಬೂತಿನ ದೇವರಾಜು, ಚರಂಡಿ ಬಗ್ಗೆ ಒಂದು ಅರ್ಜಿ ಬೇಕೆಂದು ಹಾಜರು. ದಸರಾ ಬಂತೆಂದರೆ ಬನ್ನಿಮಂಟಪದ ಪಂಜಿನ ಕವಾಯತು ನೋಡಲು ಬಂದ ನೆಂಟರು ಬರೆಯುವ ಮೇಜಿನ ಮೇಲೇ ಮಕ್ಕಳನ್ನು ಮಲಗಿಸುತ್ತಿದ್ದರು. ಹೀಗೆ ಎದ್ದು ಹೋಗಿ ಬಂದಾಗಲೆಲ್ಲ ಕರಿಬಸವಯ್ಯನವರು, ಬರವಣಿಗೆಗೆ ಓಟ ಸಿಗಲಿ ಎಂದು ಮೊದಲ ಪುಟದಿಂದ ಓದುತ್ತಿದ್ದರು. ಓದಿದರೆ ಒಂದು ಪದ ಸರಿ ಕಾಣುತ್ತಿರಲಿಲ್ಲ. ಅದನ್ನು ತಿದ್ದಿದರೆ ಪುಟ ಗಲೀಜಾಗುತ್ತಿತ್ತು. ಗಲೀಜಾದ ಪುಟವನ್ನು ಹೊಸದಾಗಿ ನಕಲು ಮಾಡುತ್ತಿದ್ದರು. ಮೂರು ಅಧ್ಯಾಯದ ಹದಿನಾಲ್ಕು ನಕಲು ಅಟ್ಟದ ಮೇಲೆ ಸೇರಿದ್ದವು.

ಅದನ್ನೆಲ್ಲ ಕೇಳಿದ ಪುಣ್ಯಾತ್ಮಳು ಒಬ್ಬಳೇ, ಅವರ ತಾಯಿ ಗಿರಿಜಾಂಬಾ. ಎಂಬತ್ತಮೂರು ವರ್ಷ. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. "ಲೋ ಬಸು, ಆ ಹುಡ್ಗಿ ಹನ್ನೊಂದು ವರ್ಷದಿಂದ ನಿಂತವ್ಳಲ್ಲೋ, ಅವಳಿಗೆ ಕಾಲು ನೋಯಲ್ವಾ? ಒಂದು ಬೆಂಚಾದ್ರೂ ಹಾಕೋ" ಎನ್ನುತ್ತಿದ್ದಳು.

ಆ ವರ್ಷ ದಸರಾ ಮುಗಿಯುತ್ತಲೂ ಅಜ್ಜಿ ಹಾಸಿಗೆ ಹಿಡಿದಳು. ಡಾಕ್ಟರು ಬಂದು ಎದೆ ನೋಡಿ, ಕರಿಬಸವಯ್ಯನವರನ್ನು ಗೇಟಿನ ಹತ್ತಿರ ಕರೆದುಕೊಂಡು ಹೋಗಿ, ಹೃದಯ ಸೋತಿದೆ, ದಿನ ಎಣಿಸಿ ಹೇಳೋಕಾಗಲ್ಲ, ಅವರು ಕೇಳಿದ್ದು ಮಾಡಿಕೊಡಿ ಎಂದರು. ಕರಿಬಸವಯ್ಯನವರು ಒಳಗೆ ಬಂದು, "ಅವ್ವ, ನಿನಗೇನಾದ್ರೂ ಆಸೆ ಇದೆಯಾ?" ಎಂದು ಕೇಳಿದರು.

"ಅದೆ ಕಣೋ."

"ಕಾಶಿ ತೀರ್ಥ? ಶ್ರೀಶೈಲದ ಪ್ರಸಾದ?"

"ಅದ್ಯಾವ್ದೂ ಬೇಡ. ನೀಲ ಆ ರೈಲು ಹತ್ತಿದ್ಳೋ, ಇಲ್ಲಾ ತಿರುಗಿ ಗಂಡನ ಮನೆಗೇ ಹೋದ್ಳೋ, ಅಷ್ಟು ಹೇಳ್ಬುಡು. ಕೇಳ್ಕೊಂಡು ನಾನು ಹೊರಡ್ತೀನಿ."

"ಹೇಳ್ತೀನಿ ಅವ್ವ" ಎಂದರು ಕರಿಬಸವಯ್ಯನವರು. ಏನೆಂದು ಹೇಳುವುದು? ಅವರಿಗೇ ಗೊತ್ತಿರಲಿಲ್ಲ. ಐವತ್ತೇಳು ವರ್ಷದ ಗಂಡಸು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತರು. ಮಾರನೆಯ ದಿನವೇ ಆಫೀಸಿಗೆ ನಲವತ್ತೈದು ದಿನದ ಗಳಿಕೆ ರಜೆ ಬರೆದು ಹಾಕಿದರು. ಕಾರಣ ಎಂಬಲ್ಲಿ 'ತಾಯಿಯ ಅಂತಿಮ ಇಚ್ಛೆ' ಎಂದು ಬರೆದಿದ್ದರಿಂದ ಮೇಲಧಿಕಾರಿಗಳು ಉಸಿರೆತ್ತದೆ ಸಹಿ ಹಾಕಿದರು.

ರಜೆಯ ಮೊದಲ ದಿನ ಸೋಮವಾರ. ಇವತ್ತು ಆಕಾಶವೇ ಕಳಚಿ ಬಿದ್ದರೂ ತಲೆ ಎತ್ತುವುದಿಲ್ಲ ಎಂದು ಕರಿಬಸವಯ್ಯನವರು ಶಪಥ ಮಾಡಿದರು. ಹೆಂಡತಿ ಸುಮಿತ್ರಮ್ಮನವರನ್ನು ಬೆಳಿಗ್ಗೆ ಆರರ ಬಸ್ಸಿಗೇ ಬನ್ನಿಮಂಟಪದ ಅಕ್ಕನ ಮನೆಗೆ ಸಾಗಹಾಕಿದರು.

"ಅತ್ತೆಗೆ ಗಂಜಿ?" ಎಂದರು ಸುಮಿತ್ರಮ್ಮ.

"ನಾನು ಕುಡಿಸ್ತೀನಿ. ಸಂಜೆವರೆಗೂ ಈ ಕಡೆ ತಲೆ ಹಾಕ್ಬೇಡ."

"ನನ್ನಿಂದ ಅಷ್ಟು ತೊಂದ್ರೆ ಆಗ್ತಿದ್ಯಾ ನಿಮಗೆ? ಮೂವತ್ತು ವರ್ಷ ಆದ್ಮೇಲೆ ಗೊತ್ತಾಯ್ತಾ?" ಎಂದು ಮೂತಿ ತಿರುವಿ ಅವರು ಹೊರಟರು.

ಎರಡನೆಯ ಕೆಲಸ, ಹಿಂದಕ್ಕೆ ಹೋಗುವ ದಾರಿಯನ್ನೇ ಮುಚ್ಚುವುದು. ಅಟ್ಟದ ಮೇಲಿದ್ದ ಹಳೆಯ ನಕಲುಗಳನ್ನೆಲ್ಲ ಇಳಿಸಿ, ತೀರ ಈಚಿನದೊಂದನ್ನು ಮಾತ್ರ ಉಳಿಸಿಕೊಂಡು, ಮಿಕ್ಕಿದ್ದನ್ನು ತೂತು ಬಿದ್ದ ಬಾಂಡ್ಲಿಯೊಂದಕ್ಕೆ ತುಂಬಿ ಗೇಟಿನ ಮುಂದಿಟ್ಟು ಬೆಂಕಿ ಕೊಟ್ಟರು. ಹೆಂಚು ಸೋರಿ ಕಾಗದವೆಲ್ಲ ಥಂಡಿ ಹಿಡಿದಿತ್ತು. ಹತ್ತಿಕೊಳ್ಳಲಿಲ್ಲ. ಹಿತ್ತಲಿನಿಂದ ನಾಲ್ಕು ಬೆರಣಿ, ಎರಡು ತೆಂಗಿನ ಮಟ್ಟೆ ತಂದು ಮೇಲಿಟ್ಟರು. ಉರಿ ಏಳಲಿಲ್ಲ, ಹೊಗೆ ಮಾತ್ರ ಭರ್ಜರಿಯಾಗಿ ಎದ್ದಿತು. ಬೆಳಗಿನ ಹೊತ್ತು ಮನೆ ಮುಂದೆ ಬೆರಣಿ ಹೊಗೆಯಾಡಿದರೆ ಆ ಮನೆಯಲ್ಲಿ ಸಾವಾಗಿದೆ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕರಿಬಸವಯ್ಯನವರಿಗೂ ಗೊತ್ತಿತ್ತು. ಆದರೆ ಆ ಹೊತ್ತಿಗೆ ಅವರ ತಲೆಯಲ್ಲಿ ನೀಲಾ ಇದ್ದಳು, ಬೇರೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ.

ಆಮೇಲೆ ತಾಯಿಯನ್ನು ಎತ್ತಿಕೊಂಡು ಬಂದು ಹಜಾರದ ಕುರ್ಚಿಯಲ್ಲಿ ಗೋಡೆಗೊರಗಿಸಿ ಕೂರಿಸಿದರು. ಜಾರದ ಹಾಗೆ ಎದೆಯ ಸುತ್ತ ಒಂದು ಹಳೆಯ ಸೀರೆ ಕಟ್ಟಿದರು. ದಿನದ ಪದ್ಧತಿಯಂತೆ ಹಣೆಗೆ, ತೋಳಿಗೆ ವಿಭೂತಿ ಹಚ್ಚಿದರು. ಮುಂಬಾಗಿಲಿಗೆ ಅಗುಳಿ, ಕಿವಿಗೆ ಹತ್ತಿ. ಗಾಳಿಗೆಂದು ಕಿಟಕಿ ಮಾತ್ರ ತೆರೆದಿತ್ತು. ಅಜ್ಜಿಯ ಮುಂದೆ ಚಾಪೆ ಹಾಸಿ, ಓಟ ಸಿಗಲಿ ಎಂದು ಮೊದಲ ಅಧ್ಯಾಯವನ್ನು ರಾಗವಾಗಿ ಓದತೊಡಗಿದರು. ನೂರಾರು ಸಲ ಕೇಳಿದ್ದ ಅಜ್ಜಿ ಎರಡನೇ ಪುಟಕ್ಕೆ ನಿದ್ದೆ ಹೋದಳು.

ಕೇಳಿ, ಇವರು ಲಿಂಗಾಯತರು, ಇವರ ಪೈಕಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ಗೋಡೆಗೊರಗಿಸಿ ಕೂರಿಸಿ, ವಾಲದ ಹಾಗೆ ಬಟ್ಟೆ ಕಟ್ಟುತ್ತಾರೆ. ಎದುರಿಗೆ ಯಾರಾದರೂ ಕೂತು ವಚನ ಓದುತ್ತಾರೆ. ಮಣ್ಣು ಮಾಡುವುದೂ ಕೂರಿಸಿಯೇ. ಹೀಗಿರುವಾಗ ಮೊಸರಿಗೆ ಹೆಪ್ಪು ಕೇಳಲು ಲೋಟ ಹಿಡಿದು ಬಂದ ಭಾಗ್ಯಮ್ಮ ಹೊಗೆ ನೋಡಿ, ಮುಚ್ಚಿದ ಬಾಗಿಲು ನೋಡಿ, ಕಿಟಕಿಯಲ್ಲಿ ಇಣುಕಿದರೆ ಆಕೆಗೆ ಬೇರೆ ಏನು ತೋಚಬೇಕು? ಲೋಟ ಅಲ್ಲೇ ಬಿತ್ತು.

"ಅಯ್ಯೋ ನಮ್ಮಜ್ಜೀ! ಹೋಗ್ಬುಟ್ರಲ್ಲಪ್ಪೋ!"

ಕರಿಬಸವಯ್ಯನವರಿಗೆ ಏನೋ ದೂರದಲ್ಲಿ ತರಕಾರಿ ಗಾಡಿ ಹೋದಂತೆ ಕೇಳಿಸಿತು. ತಲೆ ಎತ್ತಲಿಲ್ಲ.

ಬೀದಿಯವರ ನೆಂಟರಿಷ್ಟರ ನಂಬರೆಲ್ಲ ದೇವರಾಜನ ಪುಸ್ತಕದಲ್ಲಿತ್ತು. ಆಸಾಮಿ ಬೂತಿನ ಬಾಗಿಲು ತೆರೆದಿಟ್ಟುಕೊಂಡು ಇಡೀ ಕೊಪ್ಪಲಿಗೆ ಕೇಳುವ ಹಾಗೆ ಕೂಗಿದ: "ಅಲೋ, ನಂಜನಗೂಡಾ? ಮೃತ್ಯುಂಜಯ ಅವ್ರಾ? ನಿಮ್ಮ ಸೋದರತ್ತೆ ಲಿಂಗೈಕ್ಯ ಆಗ್ಬುಟ್ರು ಸಾ... ಎಷ್ಟೊತ್ಗೆ ಅಂದ್ರೆ, ಒಗೆ ನೋಡಿದ್ರೆ ಒಂದ್ ಆರೂವರೆ ಇರ್ಬೇಕು. ಒಂಟ್ಬುಡಿ, ಒಂಟ್ಬುಡಿ! ಗುಂಡಿ ತೆಗ್ಸೋದು, ವಿಮಾನ ಕಟ್ಸೋದು ಎಲ್ಲ ನಂಗ್ ಬುಡಿ."

ಹತ್ತು ಗಂಟೆಗೆ ಶಾಮಿಯಾನ ಬಂತು. ಹನ್ನೊಂದಕ್ಕೆ ಬೊಂಬು, ಬಾಳೆಕಂದು, ಸೇವಂತಿಗೆ ಹಾರ ಬಂದವು. ಹೆಣ ಕೂರಿಸುವ ವಿಮಾನ ಕಟ್ಟಲು ಇಬ್ಬರು ಕೂತರು. ಬಾಗಿಲು ಒಡೆಯೋಣ ಎಂದವನೊಬ್ಬನನ್ನು ಮಠದ ರುದ್ರಸ್ವಾಮಿಗಳು ಗದರಿಸಿದರು. "ಮಗ ತಾಯಿ ಮುಂದೆ ಕೂತು ವಚನ ಓದ್ತಿದ್ದಾನೆ. ಮುಗಿಸ್ಲಿ. ಇಂಥ ಮಕ್ಕಳು ಈಗ ಎಲ್ಲಿದ್ದಾರೆ?" ಎಂದು ಕಿಟಕಿಗೆ ಕಿವಿಗೊಟ್ಟರು. ಸ್ವಲ್ಪ ಹೊತ್ತು ಕೇಳಿ ಹುಬ್ಬು ಗಂಟಿಕ್ಕಿದರು. "ಯಾರ ವಚನ ಇದು? ರೈಲು ಅಂತ ಬರ್ತಾ ಇದೆ."

"ಜೀವನದ ರೈಲಿರ್ಬೇಕು ಸ್ವಾಮಿ" ಎಂದ ದೇವರಾಜು.

"ಹೌದು, ಹೌದು. ಆಳವಾಗಿದೆ" ಎಂದರು ಸ್ವಾಮಿಗಳು.

ವಾರ್ಡ್ ಆಫೀಸಿನಲ್ಲಿ ಜನನ ಮರಣ ಬರೆದುಕೊಳ್ಳುವ ಸಣ್ಣಮಾದಯ್ಯನವರ ಮನೆ ಪಕ್ಕದ ರಸ್ತೆಯಲ್ಲೇ ಇತ್ತು. ಆಫೀಸಿಗೆ ಹೊರಟವರು ಸ್ಕೂಟರ್ ನಿಲ್ಲಿಸಿ, ಹೇಗೂ ಬಂದಿದ್ದೀನಲ್ಲ ಎಂದು ಫಾರಂ ತೆಗೆದರು. ಕಿಟಕಿಯಿಂದ ಒಳಗೆ ನೋಡಿ 'ಖುದ್ದು ಪರಿಶೀಲಿಸಲಾಗಿದೆ' ಎಂದು ಬರೆದರು. "ಸಾವಿಗೆ ಕಾರಣ?" ಎಂದು ಕೇಳಿದರು.

"ವಯಸ್ಸೇ ಕಾರಣ. ಇನ್ನೇನು ಬೇಕು?" ಎಂದು ಭಾಗ್ಯಮ್ಮ ಮೂಗೊರೆಸಿಕೊಂಡರು. ಸಣ್ಣಮಾದಯ್ಯ ಹಾಗೇ ಬರೆದುಕೊಂಡು, ಕಿಟಕಿಗೆ ಕೈಮುಗಿದು ಹೋದರು.

ಒಳಗೆ ಕರಿಬಸವಯ್ಯನವರಿಗೆ ಸ್ವರ್ಗ. ಹೆಪ್ಪಿಲ್ಲ, ಅರ್ಜಿಯಿಲ್ಲ, ಲಗ್ನಪತ್ರಿಕೆಯಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ವರ್ಷದಲ್ಲಿ ಮೊದಲ ಸಲ 'ಅಧ್ಯಾಯ ನಾಲ್ಕು' ಎಂದು ಬರೆದರು. ಬರೆದ ಸಂತೋಷಕ್ಕೆ ಶಪಥ ಮರೆತು ಒಂದು ಕ್ಷಣ ತಲೆ ಎತ್ತಿದರೆ, ಕಿಟಕಿಯಾಚೆ ಬೀದಿಯ ಜನವೆಲ್ಲ ತಲೆ ತಗ್ಗಿಸಿ, ಕೈಕಟ್ಟಿ ನಿಂತಿದ್ದರು. ಕರಿಬಸವಯ್ಯನವರ ಕಣ್ಣು ತುಂಬಿ ಬಂತು. ಈ ಕೊಪ್ಪಲಿನವರಿಗೂ ಸಾಹಿತ್ಯದ ಬೆಲೆ ತಿಳಿಯಿತಲ್ಲ, ಇವರನ್ನು ಎಷ್ಟು ಬೈದುಕೊಂಡಿದ್ದೆನಲ್ಲ ಎಂದುಕೊಂಡು ಗಂಭೀರವಾಗಿ ತಲೆಯಾಡಿಸಿದರು. ಹೊರಗಿನವರೂ ಅಷ್ಟೇ ಗಂಭೀರವಾಗಿ ಕೈಮುಗಿದರು.

ಮೂರೂವರೆಗೆ ಸುಮಿತ್ರಮ್ಮ ಬಂದರು. ದೇವರಾಜು ಬನ್ನಿಮಂಟಪಕ್ಕೂ ಫೋನು ಮಾಡಿಸಿದ್ದ, ಆದರೆ ಅಕ್ಕನ ಮನೆಯಲ್ಲಿ ಫೋನಿಲ್ಲದೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನ ಕಳೆದ ಮೇಲೆ. ಆಟೋದಿಂದ ಇಳಿಯುವಾಗಲೇ ಎದೆ ಬಡಿದುಕೊಂಡು, "ಗಂಜಿ ಕುಡಿಸ್ತೀನಿ ಅಂದ್ರಲ್ರೀ! ನಾನಿಲ್ದಿದ್ದಾಗ ಕಳಿಸ್ಬುಟ್ರಲ್ರೀ!" ಎಂದು ಅಳುತ್ತ ಹಿತ್ತಲ ಬಾಗಿಲಿನಿಂದ ಒಳನುಗ್ಗಿ ಅತ್ತೆಯ ಕಾಲ ಮೇಲೆ ಬಿದ್ದರು. ಮೂವತ್ತು ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡ ಅತ್ತೆ ಸೊಸೆ. ಆ ಅಳುವಿನಲ್ಲಿ ಸುಳ್ಳು ಒಂದು ಚೂರೂ ಇರಲಿಲ್ಲ. ಅಜ್ಜಿ ಕಣ್ಣು ಬಿಟ್ಟಳು.

"ಯಾರೇ ಹೋದ್ರು, ಸುಮಿತ್ರಾ?"

ಸುಮಿತ್ರಮ್ಮನ ಅಳು ಅರ್ಧಕ್ಕೇ ನಿಂತಿತು. ಕಿಟಕಿಯಲ್ಲಿದ್ದ ಮೂವತ್ತು ತಲೆಗಳೂ ಒಟ್ಟಿಗೆ ಹಿಂದಕ್ಕೆ ಸರಿದವು. ಕರಿಬಸವಯ್ಯನವರು ಕಿವಿಯ ಹತ್ತಿ ತೆಗೆದು, "ಸಂಜೆವರೆಗೂ ಬರ್ಬೇಡ ಅಂದಿದ್ನಲ್ಲ?" ಎಂದರು.

ಬಾಗಿಲು ತೆರೆದ ಮೇಲೆ ಆದದ್ದನ್ನು ಹೇಳಿ ಸುಖವಿಲ್ಲ. ಅಜ್ಜಿ ಬದುಕಿದ್ದಾಳೆಂದು ಸಂತೋಷಪಟ್ಟವರು ಯಾರೂ ಕಾಣಲಿಲ್ಲ. ನಂಜನಗೂಡಿನ ಮೃತ್ಯುಂಜಯ ಸೊಂಟದ ಮೇಲೆ ಕೈಯಿಟ್ಟು ನಿಂತ. "ಬಾವ, ಮೂವತ್ತೆರಡು ಜನಾನ ಟೆಂಪೋದಲ್ಲಿ ಹೇರ್ಕೊಂಡು ಬಂದಿದ್ದೀನಿ. ಬೆಳಿಗ್ಗೆಯಿಂದ ಒಂದು ತೊಟ್ಟು ನೀರು ಕುಡಿದಿಲ್ಲ ಅವ್ರು. ಅತ್ತೆ ಚೆನ್ನಾಗಿದ್ದಾರೆ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದ. ಸಂಜೆ ಆಫೀಸು ಬಿಟ್ಟು ಅದೇ ದಾರಿಯಲ್ಲಿ ಬಂದ ಸಣ್ಣಮಾದಯ್ಯ, "ರಿಜಿಸ್ಟರ್‌ನಲ್ಲಿ ಎಂಟ್ರಿ ಆಗೋಯ್ತಲ್ಲ ಸ್ವಾಮಿ! ಇನ್ನು ಅದನ್ನ ಹೊಡೆದು ಹಾಕ್ಬೇಕಾದ್ರೆ ಮೃತರೇ ಬಂದು ಅರ್ಜಿ ಕೊಡ್ಬೇಕಾಗುತ್ತೆ" ಎಂದು ತಲೆ ಕೆರೆದುಕೊಂಡರು.

ಇವೆಲ್ಲ ಹೋಗಲಿ ಎಂದರೂ ಗುಂಡಿಯದೊಂದು ಉಳಿಯಿತು. ರುದ್ರಸ್ವಾಮಿಗಳು ಶಲ್ಯ ಸರಿಮಾಡಿಕೊಂಡು ಹೇಳಿದರು. "ರುದ್ರಭೂಮೀಲಿ ಗುಂಡಿ ಸಿದ್ಧವಾಗಿದೆ ಕರಿಬಸವಯ್ಯನವರೇ. ಒಬ್ಬರ ಹೆಸರು ಹೇಳಿ ತೆಗೆದ ಗುಂಡೀನ ಬರಿದಾಗಿ ಮುಚ್ಚೋ ಹಾಗಿಲ್ಲ. ನಮ್ಮ ಹಿರಿಯರು ಯಾವತ್ತೂ ಹಾಗೆ ಮಾಡಿಲ್ಲ."

"ಒಂದು ಬೂದುಗುಂಬಳಕಾಯಿ ಹಾಕ್ಬುಡಿ" ಎಂದ ಮೃತ್ಯುಂಜಯ.

"ಆಗಲ್ಲ. ಈ ಮನೇದೇ ಆಗ್ಬೇಕು. ಈ ಮನೇಲಿ ಸಾಕಿ ಸಲಹಿದ್ದಾಗಿರ್ಬೇಕು. ಇಲ್ಲಾಂದ್ರೆ ಹನ್ನೊಂದು ದಿನದೊಳಗೆ ಯಾರ ಹೆಸರಲ್ಲಿ ತೆಗೆದಿದ್ಯೋ ಅವರನ್ನೇ ಕರ್ಕೊಳ್ಳುತ್ತೆ."

ಎಲ್ಲರೂ ಅಜ್ಜಿಯ ಕಡೆ ನೋಡಿದರು, ಆಮೇಲೆ ನೋಡಿದ್ದಕ್ಕೆ ನಾಚಿ ನೆಲ ನೋಡಿದರು. ಕರಿಬಸವಯ್ಯನವರು ತಾಯಿಯ ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತರು. ಹೋಗುವ ಜೀವ ಎಂದು ಗೊತ್ತಿದ್ದರೂ, ಇಂಥ ದಿನದೊಳಗೆ ಎಂದು ಒಬ್ಬರು ಬಾಯಿಬಿಟ್ಟು ಹೇಳಿದರೆ ಯಾರಿಗೆ ತಡೆದೀತು?

ಅಜ್ಜಿ ಕುರ್ಚಿಯಲ್ಲಿ ಕೂತೇ ಬೆರಳು ತೋರಿಸಿದಳು. "ನನ್ ಬದಲು ಅದನ್ನ ತಗೊಂಡೋಗಿ ಇಡ್ರಪ್ಪ. ನಾನು ಮಲಗಿ ಒಂದು ತಿಂಗಳಾಯ್ತು, ಅದು ಮಲಗಿ ಹನ್ನೊಂದು ವರ್ಷ ಆಯ್ತು."

ಆಕೆ ತೋರಿಸಿದ್ದು ಚಾಪೆಯ ಮೇಲಿನ ಕಾಗದದ ಕಟ್ಟನ್ನು. ಮೂರು ಅಧ್ಯಾಯ, ನೂರ ಹನ್ನೆರಡು ಪುಟ. ಮಿಕ್ಕ ನಕಲುಗಳೆಲ್ಲ ಬೆಳಿಗ್ಗೆ ತಾನೇ ಬಾಂಡ್ಲಿಯಲ್ಲಿ ಹೊಗೆಯಾಗಿದ್ದವು. ಕರಿಬಸವಯ್ಯನವರು ಕಟ್ಟನ್ನು ಎದೆಗೆ ಅವುಚಿಕೊಂಡರು.

"ಅವ್ವ, ಇದು ಒಂದೇ ಕಾಪಿ."

"ನಾನೂ ಒಂದೇ ಕಾಪಿ ಕಣೋ" ಎಂದಳು ಅಜ್ಜಿ.

ಹೀಗೆ ಕರಿಬಸವಯ್ಯನವರ ಕಾದಂಬರಿ ಮಣ್ಣಿಗೆ ಹೊರಟಿತು. ಕಟ್ಟಿದ ವಿಮಾನ ಹಾಳಾಗಬಾರದೆಂದು ಅದರಲ್ಲೇ ಇಟ್ಟರು. ತಂದ ಹಾರ ಬಾಡಬಾರದೆಂದು ಅದಕ್ಕೇ ಹಾಕಿದರು. ನಂಜನಗೂಡಿನ ಮೂವತ್ತೆರಡು ಜನ, ಬಂದದ್ದಕ್ಕೆ ಇರಲಿ ಎಂದು ಹಿಂದೆ ನಡೆದರು. ಆಳುದ್ದದ ಗುಂಡಿಯಲ್ಲಿ ಕಟ್ಟನ್ನು ಕೂರಿಸಿದ ಹಾಗೆ ನೆಟ್ಟಗೆ ನಿಲ್ಲಿಸಿ, ರುದ್ರಸ್ವಾಮಿಗಳು ವಿಭೂತಿ ಇಟ್ಟು, ಬಿಲ್ವಪತ್ರೆ ಏರಿಸಿ, ಮಂತ್ರ ಹೇಳಿದರು. ಮೂರು ಹಿಡಿ ಮಣ್ಣು ಹಾಕುವಾಗ ಕರಿಬಸವಯ್ಯನವರು ತಡೆಯಲಾರದೆ ಬಿಕ್ಕಿ ಬಿಕ್ಕಿ ಅತ್ತರು. ಗುಂಡಿ ತೋಡಿದವನಿಗೆ ವಿಷಯ ಗೊತ್ತಿರಲಿಲ್ಲ, ದೂರದಲ್ಲಿ ಹಾರೆಗೆ ಒರಗಿಕೊಂಡು ನಿಂತಿದ್ದ. ಹತ್ತಿರ ಬಂದು, "ಬಾಳ ವಯಸ್ಸಾಗಿತ್ತಾ ಬುದ್ಧಿ?" ಎಂದು ಕೇಳಿದ.

"ಹನ್ನೊಂದು ವರ್ಷ" ಎಂದರು ಕರಿಬಸವಯ್ಯನವರು.

"ಅಯ್ಯೋ ಶಿವನೇ, ಮಗೀನಾ?" ಎಂದು ಅವನೂ ಕಣ್ಣೊರೆಸಿಕೊಂಡ.

ಮರುದಿನ ಬೆಳಿಗ್ಗೆ ಕರಿಬಸವಯ್ಯನವರು ಆರಕ್ಕೆ ಎದ್ದು ಕೂತರು. ರೂಢಿಯಂತೆ ಮೊದಲ ಪುಟಕ್ಕೆ ಕೈಹಾಕಿದರೆ ಮೊದಲ ಪುಟ ಇರಲಿಲ್ಲ. ಇದ್ದದ್ದು ಹಿಂದಿನ ದಿನ ಬರೆದ ನಾಲ್ಕನೇ ಅಧ್ಯಾಯದ ಒಂದು ಹಾಳೆ. ತಿದ್ದಲು ಏನೂ ಇಲ್ಲ, ನಕಲು ಮಾಡಲು ಏನೂ ಇಲ್ಲ. ಬೇರೆ ದಾರಿ ಕಾಣದೆ ರೈಲನ್ನು ಸ್ಟೇಷನ್ನಿಗೆ ತಂದು ನಿಲ್ಲಿಸಿದರು. ನೀಲಾ ಟ್ರಂಕು ಎತ್ತಿಕೊಂಡು ಹತ್ತಿಯೇ ಬಿಟ್ಟಳು.

ಬೀದಿಯವರೂ ಬರಲಿಲ್ಲ. ಸಾವು ಹೊಸ್ತಿಲವರೆಗೆ ಬಂದು ತಿರುಗಿದ ಮನೆ, ಹನ್ನೊಂದು ದಿನ ಕಳೆಯುವವರೆಗೆ ಅದರ ನೆರಳೂ ಬೇಡವೆಂದು ಎಲ್ಲರೂ ಎದುರು ಬದಿಯಲ್ಲಿ ನಡೆದರು. ಭಾಗ್ಯಮ್ಮ ಹೆಪ್ಪಿಗೆ ಎರಡು ಬೀದಿ ಆಚೆ ಹೋದರು. ದೇವರಾಜು ತನ್ನ ಅರ್ಜಿ ತಾನೇ ಬರೆದುಕೊಂಡ. ಕರಿಬಸವಯ್ಯನವರು ಬೆಳಿಗ್ಗೆ ಬರೆಯುವುದು, ಮಧ್ಯಾಹ್ನ ಮೂರಕ್ಕೆ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ ಅಂದಂದಿನದನ್ನು ಓದುವುದು. ಅಜ್ಜಿ ಈಗ ನಿದ್ದೆ ಮಾಡುತ್ತಿರಲಿಲ್ಲ. "ಸದ್ಯ, ಆ ಮೊದಲ್ನೇದು ಮಣ್ಣಾಗಿ ಹೋಯ್ತು. ಬರೀ ಗೋಳು ಅದು" ಎಂದಳು. ಸುಮಿತ್ರಮ್ಮ ಮೊದಲು ಅಡಿಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದವರು, ಅವರೆಕಾಯಿ ಮೊರ ಹಿಡಿದು ಹಜಾರಕ್ಕೇ ಬಂದು ಕೂತರು. ಹನ್ನೊಂದು ದಿನ ಕಳೆದ ಮೇಲೆ ಭಾಗ್ಯಮ್ಮ ಕಿಟಕಿಗೆ ಬಂದರು, ನಾಲ್ಕು ದಿನ ಅಲ್ಲೇ ನಿಂತು ಕೇಳಿದರು, ಐದನೇ ದಿನ ಒಳಗೆ ಬಂದು ಸದ್ದಿಲ್ಲದೆ ಸುಮಿತ್ರಮ್ಮನ ಮೊರಕ್ಕೆ ಕೈಹಾಕಿದರು. ಹೆಪ್ಪಿನ ಮಾತೇ ಎತ್ತಲಿಲ್ಲ.

ಕಥೆ ಕೊನೆಗೆ ಬರುತ್ತಿದ್ದಂತೆ ಕರಿಬಸವಯ್ಯನವರಿಗೆ ಹೊಸ ಸಂಕಟ ಶುರುವಾಯಿತು. ಕೇಳಿಕೊಂಡು ಹೊರಡ್ತೀನಿ ಎಂದಿದ್ದಳಲ್ಲ ತಾಯಿ? ಅಜ್ಜಿ ದಿನದಿಂದ ದಿನಕ್ಕೆ ಕುರ್ಚಿಯಲ್ಲಿ ಚಿಕ್ಕದಾಗುತ್ತಿದ್ದಳು. ಗಂಜಿ ಎರಡು ಚಮಚಕ್ಕೆ ಇಳಿದಿತ್ತು. ಅವರು ರೈಲನ್ನು ಅರಸೀಕೆರೆಯಲ್ಲಿ ನಿಲ್ಲಿಸಿದರು. ಮೊದಲ ದಿನ ಸಿಗ್ನ‌ಲ್ ಕೆಟ್ಟಿತು. ಮಾರನೆಯ ದಿನ ಹಳಿಯ ಮೇಲೆ ಎಮ್ಮೆ ಬಂತು. ಮೂರನೆಯ ದಿನ ಎಂಜಿನ್ನಿನವನಿಗೆ ಹೊಟ್ಟೆನೋವು ಬಂತು.

"ಲೋ ಬಸು," ಎಂದಳು ಅಜ್ಜಿ. ಉಸಿರು ಸಾಲದೆ ಮಾತು ತುಂಡು ತುಂಡಾಗಿ ಬರುತ್ತಿತ್ತು. "ನನಗೋಸ್ಕರ ರೈಲು ನಿಲ್ಸಿದ್ದೀಯೇನೋ?"

ಕರಿಬಸವಯ್ಯನವರು ಹಾಳೆಗಳ ಅಂಚು ಸರಿಮಾಡಿದರು.

"ಭಯ ಆಗ್ತದಾ?"

"ಆಗ್ತದೆ ಅವ್ವ."

"ನಂಗೂ ಆಗ್ತದೆ. ಆದ್ರೂ ಹೇಳು. ಎಮ್ಮೆ ಗಿಮ್ಮೆ ಬೇಡ. ತಿಳೀದಂಗೆ ಹೋಗ್ಬುಟ್ರೆ ನಾನು ನಿನ್ನ ಬಿಡಾಕಿಲ್ಲ."

ಅವತ್ತು ಸಂಜೆ ಕೂತವರು ಎಮ್ಮೆಯನ್ನೂ ಹೊಟ್ಟೆನೋವನ್ನೂ ಹರಿದು ಹಾಕಿದರು. ಮರುದಿನ ಬೆಳಿಗ್ಗೆ ಕೊನೆಯ ಅಧ್ಯಾಯ ಮುಗಿಯಿತು. ರಜೆಯ ನಲವತ್ತೊಂದನೇ ದಿನ ಅದು. ಮೂರು ಗಂಟೆಗೆ ತಾಯಿಯನ್ನು ಕೂರಿಸಿ, ಸೀರೆ ಕಟ್ಟಿ, ಎದುರಿಗೆ ಚಾಪೆಯ ಮೇಲೆ ಕೂತು ಓದಲು ಶುರು ಮಾಡಿದರು. ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ. ಬೇಕಾಗಲೂ ಇಲ್ಲ. ಅಡಿಗೆಮನೆಯಲ್ಲಿ ಕುಕ್ಕರು ಆರು ಸಲ ಕೂಗಿತು. ಪೋಸ್ಟ್‌ಮ್ಯಾನ್ ಗೇಟು ಬಡಿದು, ಕಾಗದವನ್ನು ಒಳಗೆಸೆದು ಹೋದ. ಮೀಟರ್ ಓದುವವನು ಬಂದು, ಬಾಗಿಲಲ್ಲಿ ನಿಂತು, "ಎಲ್ಲಿಗೆ ಬಂತು ಸಾರ್?" ಎಂದ. ಯಾರೂ ಅವನ ಕಡೆ ತಿರುಗಲಿಲ್ಲ. ಅವನೂ ಪುಸ್ತಕ ಕಂಕುಳಿಗೆ ಸೇರಿಸಿ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಇಪ್ಪತ್ತಾರು ಪುಟ. ಕರಿಬಸವಯ್ಯನವರು ಹುಟ್ಟಿದ ಮೇಲೆ ಮೊದಲ ಸಲ, ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ, ಕಣ್ಣನ್ನು ಹಾಳೆಯಿಂದ ಕೀಳದೆ ಮಾಡಿದರು. ನೀಲಾ ಯಾರೂ ಕಾಯದ ಒಂದು ಊರಿನಲ್ಲಿ ಇಳಿದು, ಟಿಕೆಟ್ಟು ಕೊಟ್ಟು, ಹೊರಗೆ ಬಿಸಿಲಿಗೆ ನಡೆದು ಹೋದಳು.

"ಮುಗೀತು ಅವ್ವ" ಎಂದು ತಲೆ ಎತ್ತಿದರು.

ಅಜ್ಜಿ ಅರೆಗಣ್ಣು ತೆರೆದು ಅವರ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು. ಏನಾದರೊಂದು ಕೊಂಕು ಬರುತ್ತದೆಂದು ಅವರು ಕಾದರು. ಬರಲಿಲ್ಲ. ಭಾಗ್ಯಮ್ಮ ಅಜ್ಜಿಯ ಮುಖ ನೋಡಿದರು. ಬಾಯಿ ತೆರೆದವರು ಸೆರಗು ತುರುಕಿಕೊಂಡು, "ನಾನ್ ಹೇಳಾಕಿಲ್ಲಪ್ಪ. ಒಂದ್ಸಲ ಹೇಳಿ ಸಾಕಾಗ್ಯದೆ. ನೀವೇ ನೋಡಿ ಸಾರ್" ಎಂದರು.

ಕರಿಬಸವಯ್ಯನವರು ಮುಂದಕ್ಕೆ ಬಾಗಿ ತಾಯಿಯ ಪಾದ ಮುಟ್ಟಿದರು. ತಣ್ಣಗಿತ್ತು. ಮೊಣಕಾಲು ಮುಟ್ಟಿದರು, ಅದೂ ತಣ್ಣಗಿತ್ತು. ಈಗಲ್ಲ, ಆಗಲೇ ಆಗಿದೆ ಎಂದು ತಿಳಿಯಿತು. ಅವರು ಹಾಳೆಗಳನ್ನು ಹಿಂದಕ್ಕೆ ಮಗುಚಿದರು, ಒಂದು ಕಡೆ ಬೆರಳಿಟ್ಟರು, ಮತ್ತೆ ಹಿಂದಕ್ಕೆ ಮಗುಚಿದರು.

"ಸುಮಿತ್ರಾ, ಅವ್ವ ಎಷ್ಟರವರೆಗೆ ಕೇಳಿದ್ಳು? ರೈಲು ಹೊರಡೋವಾಗ ಇದ್ಳಾ? ಇಳಿಯೋವಾಗ? ನೀನು ಪಕ್ಕದಲ್ಲೇ ಕೂತಿದ್ದೆಯಲ್ಲೇ. ಹೇಳು, ಯಾವ ಪುಟದವರೆಗೆ ಇದ್ಳು?"

ಸುಮಿತ್ರಮ್ಮ ಸುಲಿದ ಕಾಳನ್ನು ಮುಷ್ಟಿಯಲ್ಲೇ ಹಿಡಿದುಕೊಂಡು ಅತ್ತೆಯನ್ನೇ ನೋಡುತ್ತಿದ್ದರು.

"ನಂಗೇನು ಗೊತ್ತು ಕಣ್ರೀ," ಎಂದರು, "ನಾನೂ ಕಥೆ ಕೇಳ್ತಾ ಇದ್ನಲ್ಲ."